ಜೆರೆಮಿ ಬ್ರೆಟ್ ಅವರ ಶೆರ್ಲಾಕ್ ಹೋಮ್ಸ್: ಪೂರ್ಣ ಡಿವಿಡಿ ಸೆಟ್ಟಿನ ವಿಮರ್ಶೆ

ಪತ್ತೇದಾರಿ ಕಥೆಗಳ ಹಳೆಯ ಧಾರಾವಾಹಿಗಳನ್ನು ಡಿವಿಡಿಯಲ್ಲಿ ಕೂಡಿಡುವ ಹವ್ಯಾಸ ಹಿಡಿದವರನ್ನು ಹೊಸಬರು ಸಾಮಾನ್ಯವಾಗಿ ಕೇಳುವುದು, ಒಂದೇ ಒಂದು ಸೆಟ್ ಕೊಳ್ಳುವಷ್ಟು ಮಾತ್ರ ದುಡ್ಡಿದ್ದರೆ ಯಾವುದನ್ನು ಕೊಳ್ಳಬೇಕು ಎಂದು. ಇಂಗ್ಲೆಂಡಿನ ಗ್ರಾನಡಾ ಟೆಲಿವಿಷನ್ 1984ರಿಂದ 1994ರವರೆಗೆ ನಿರ್ಮಿಸಿದ, ಜೆರೆಮಿ ಬ್ರೆಟ್ ಅವರು ಶೆರ್ಲಾಕ್ ಹೋಮ್ಸ್ ಆಗಿ ನಟಿಸಿದ ಸರಣಿಯ ಸೆಟ್ಟನ್ನು ಕೊಳ್ಳಿ ಎಂದು ನಾನು ಹೇಳುತ್ತೇನೆ. ಅದರಲ್ಲೂ ಬಿಡಿ ಡಿಸ್ಕುಗಳ ಗೋಜಿಗಾಗಲಿ, ಆಯ್ದ ಕೆಲವೇ ಕಥೆಗಳಿರುವ ಸಣ್ಣ ಪೆಟ್ಟಿಗೆಗಳ ಗೋಜಿಗಾಗಲಿ ಹೋಗದೆ, ಮೊದಲ ಕಂತಿನಿಂದ ಕಡೆಯ ಕಂತಿನವರೆಗೆ ಎಲ್ಲವೂ ಇರುವ ಪೂರ್ಣ ಸೆಟ್ಟನ್ನೇ ಕೊಳ್ಳಬೇಕು. ಈ ಸರಣಿಯ ಸತ್ವವಿರುವುದು ಅದನ್ನು ಇಡಿಯಾಗಿ, ಪ್ರಸಾರವಾದ ಕ್ರಮದಲ್ಲೇ ನೋಡುವುದರಲ್ಲಿ. ಒಬ್ಬ ನಟ ಹತ್ತು ವರ್ಷ ಒಂದೇ ಪಾತ್ರದೊಳಗೆ ಬದುಕಿ, ಅದರ ಜೊತೆಯಲ್ಲೇ ಸವೆದುಹೋದದ್ದು ಬಿಡಿ ಕಂತುಗಳಲ್ಲಿ ಕಾಣುವುದಿಲ್ಲ.

ತುಮಕೂರಿನಲ್ಲಿ ಇಂಥ ಸೆಟ್ಟು ಅಂಗಡಿಯಲ್ಲಿ ಕೈಗೆ ಸಿಗುವ ವಸ್ತುವಲ್ಲ. ಬೀದಿಗೊಂದು ಸಿ.ಡಿ. ಬಾಡಿಗೆ ಅಂಗಡಿ ಇದ್ದ ಕಾಲದಲ್ಲೂ ಅಲ್ಲಿದ್ದುದು ಕನ್ನಡ, ತೆಲುಗು, ಹಿಂದಿ ಸಿನಿಮಾಗಳು. ಇಂಗ್ಲಿಷ್ ಎಂದರೆ ಹೊಡೆದಾಟದ ಚಿತ್ರಗಳು. ಈಗಂತೂ ಎಂ.ಜಿ. ರಸ್ತೆಯಲ್ಲಾಗಲಿ ಬಿ.ಎಚ್. ರಸ್ತೆಯಲ್ಲಾಗಲಿ ಡಿವಿಡಿ ಕೇಳಿದರೆ ಪೆನ್ ಡ್ರೈವ್ ತೆಗೆದು ತೋರಿಸುತ್ತಾರೆ. ಹಾಗಾಗಿ ವಿದೇಶದಿಂದ ತರಿಸುವುದು, ಇಲ್ಲವೇ ತರಿಸಿ ಇಟ್ಟುಕೊಂಡವರಿಂದ ಸೆಕೆಂಡ್ ಹ್ಯಾಂಡ್ ಕೊಳ್ಳುವುದು, ಇವೆರಡೇ ದಾರಿ. ವಿದೇಶದಿಂದ ತರಿಸುವವರು ಸೆಟ್ಟಿನ ಬೆಲೆಯ ಮೇಲೆ ಸಾಗಣೆ ವೆಚ್ಚ ಮತ್ತು ಕಸ್ಟಮ್ಸ್ ಸುಂಕ ಎರಡನ್ನೂ ಕೂಡಿಸಿಕೊಂಡೇ ಲೆಕ್ಕ ಹಾಕಬೇಕು, ಏಕೆಂದರೆ ಮನೆ ಬಾಗಿಲಿಗೆ ಬಂದ ಪೊಟ್ಟಣವನ್ನು ಬಿಡಿಸಿಕೊಳ್ಳುವಾಗ ಸುಂಕದ ಹಣವನ್ನು ಕೈಯಲ್ಲಿ ಹಿಡಿದಿರಬೇಕಾಗುತ್ತದೆ. ಈ ಸರಣಿಯ ಡಿವಿಡಿಗಳನ್ನು ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಸಂಸ್ಥೆಗಳು ಹೊರತಂದಿವೆ. ನಾನು ಇಲ್ಲಿ ಬರೆಯುತ್ತಿರುವುದು ನನ್ನ ಕಪಾಟಿನಲ್ಲಿರುವ ಬ್ರಿಟಿಷ್ ಆವೃತ್ತಿಯನ್ನು ಕುರಿತು.

ಕೊಳ್ಳುವ ಮೊದಲು ರೀಜನ್ ಸಂಖ್ಯೆಯನ್ನು, ಅಂದರೆ ಡಿಸ್ಕು ಯಾವ ಪ್ರದೇಶದ ಪ್ಲೇಯರಿಗೆ ತಯಾರಾದದ್ದು ಎಂಬ ಗುರುತನ್ನು, ನೋಡಲೇಬೇಕು. ಡಿವಿಡಿಗಳ ಹಂಚಿಕೆಯಲ್ಲಿ ಭಾರತ ರೀಜನ್ 5, ಬ್ರಿಟನ್ ರೀಜನ್ 2, ಅಮೆರಿಕ ರೀಜನ್ 1. ನಮ್ಮಲ್ಲಿ ಮಾರಾಟವಾದ ಕಡಿಮೆ ಬೆಲೆಯ ಎಷ್ಟೋ ಪ್ಲೇಯರ್‌ಗಳು ಎಲ್ಲ ರೀಜನ್ನಿನ ಡಿಸ್ಕುಗಳನ್ನೂ ಓದುತ್ತವೆ. ಹೆಸರುವಾಸಿ ಕಂಪನಿಗಳ ದುಬಾರಿ ಪ್ಲೇಯರ್‌ಗಳೇ ಹಟ ಹಿಡಿಯುವುದು ಹೆಚ್ಚು. ಕಂಪ್ಯೂಟರಿನ ಡಿವಿಡಿ ಡ್ರೈವಿನಲ್ಲಿ ರೀಜನ್ ಬದಲಿಸಲು ಸಾಮಾನ್ಯವಾಗಿ 5 ಅವಕಾಶಗಳಷ್ಟೇ ಇರುತ್ತವೆ, ಅನಂತರ ಅದು ಕಡೆಯ ಆಯ್ಕೆಯಲ್ಲೇ ನಿಂತುಬಿಡುತ್ತದೆ. ಎರಡು ದೇಶಗಳ ಸೆಟ್ಟುಗಳನ್ನು ಒಂದೇ ಡ್ರೈವಿನಲ್ಲಿ ಹಾಕಿ ನೋಡುವವರಿಗೆ ಇದು ಗೊತ್ತಿರಬೇಕು.

ಬ್ರಿಟಿಷ್ ಆವೃತ್ತಿಯನ್ನೇ ಆರಿಸಿಕೊಳ್ಳಲು ಒಂದು ಕಾರಣವಿದೆ. ಬ್ರಿಟಿಷ್ ಟೆಲಿವಿಷನ್‌ಗಾಗಿ ಸೆಕೆಂಡಿಗೆ 25 ಫ್ರೇಮುಗಳಂತೆ ಚಿತ್ರೀಕರಿಸಿದ ಸರಣಿ ಬ್ರಿಟನ್ನಿನ ಪಾಲ್ ಎಂಬ ಟಿ.ವಿ. ಪದ್ಧತಿಯ ಡಿಸ್ಕಿನಲ್ಲಿ ಇದ್ದ ವೇಗದಲ್ಲೇ ಓಡುತ್ತದೆ, ಚಿತ್ರದಲ್ಲಿ 576 ಗೆರೆಗಳಿರುತ್ತವೆ. ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯ ಡಿಸ್ಕಿನಲ್ಲಿ ಗೆರೆಗಳು 480ಕ್ಕೆ ಇಳಿಯುವುದಲ್ಲದೆ, ಫ್ರೇಮುಗಳ ಸಂಖ್ಯೆಯನ್ನು ಹೊಂದಿಸುವಾಗ ಚಲನೆಯಲ್ಲಿ ಮಸುಕು ನೆರಳು ಸೇರಿಕೊಳ್ಳುವುದುಂಟು. ಬ್ರೆಟ್ ಅವರ ಹೋಮ್ಸ್ ಒಂದು ಕ್ಷಣ ಕಲ್ಲಿನಂತೆ ಕುಳಿತಿದ್ದು ಮರುಕ್ಷಣ ಸೋಫಾದ ಬೆನ್ನನ್ನೇ ಹಾರಿ ದಾಟುವ ಮನುಷ್ಯ. ಅಂಥ ಚಲನೆಯಲ್ಲಿ ಈ ನೆರಳು ಕಣ್ಣಿಗೆ ಹೊಡೆಯುತ್ತದೆ.

ಚಿತ್ರದ ಗುಣಮಟ್ಟ ಕಣ್ಣು ಕೋರೈಸುವಂಥದ್ದಲ್ಲ, ಹಾಗೆಂದು ನಿರೀಕ್ಷಿಸಲೂಬಾರದು. ಸರಣಿಯ ಬಹುಪಾಲನ್ನು ಚಿತ್ರೀಕರಿಸಿದ್ದು 16 ಎಂ.ಎಂ. ಫಿಲಂನಲ್ಲಿ. ಹೀಗಾಗಿ ಗ್ಯಾಸ್ ದೀಪದ ಮಬ್ಬು ಬೆಳಕಿನ ದೃಶ್ಯಗಳಲ್ಲಿ ಫಿಲಂನ ಕಾಳು, ಅಂದರೆ ಸಣ್ಣ ಸಣ್ಣ ಕಣಗಳು, ಎದ್ದು ಕಾಣುತ್ತದೆ, ಆರಂಭದ ಕೆಲವು ಕಂತುಗಳಲ್ಲಿ ಧೂಳಿನ ಚುಕ್ಕೆಗಳೂ ಇವೆ. ನನಗೆ ಅದು ದೋಷವೆನಿಸಿಲ್ಲ. ಹೋಮ್ಸ್ ವಾಸಿಸುವ, ಮಂಜು ಕವಿದ ಬೇಕರ್ ಸ್ಟ್ರೀಟಿಗೆ ಆ ಕಾಳು ಒಗ್ಗುತ್ತದೆ. ನೋಡುವವರು ತಿದ್ದಿಕೊಳ್ಳಬೇಕಾದದ್ದು ಚಿತ್ರದ ಆಕಾರವನ್ನು. ಸರಣಿ 4:3 ಅಳತೆಯಲ್ಲಿದೆ, ಈಗಿನ ಟಿ.ವಿ.ಗಳು 16:9. ಟಿ.ವಿ.ಯನ್ನು ಇದ್ದ ಹಾಗೆ ಬಿಟ್ಟರೆ ಅದು ಚಿತ್ರವನ್ನು ಅಕ್ಕಪಕ್ಕ ಎಳೆದು ಪರದೆ ತುಂಬಿಸುತ್ತದೆ, ಬ್ರೆಟ್ ಅವರ ನೀಳ ಮುಖ ಅಡ್ಡಕ್ಕೆ ಹರಡಿ, ಚೂಪಾದ ಆ ಮೂಗು ಗದ್ದಗಳ ತೀಕ್ಷ್ಣತೆಯೆಲ್ಲ ಕಳೆದುಹೋಗುತ್ತದೆ. ರಿಮೋಟಿನಲ್ಲಿ ಪಿಕ್ಚರ್ ಸೈಜ್ ಎಂಬಲ್ಲಿ 4:3 ಆರಿಸಿ, ಎರಡೂ ಬದಿಗೆ ಕಪ್ಪು ಪಟ್ಟಿ ಬಂದರೆ ಬರಲಿ ಎಂದು ಬಿಡಬೇಕು. ಪರದೆ ತುಂಬಲೆಂದು ಮೇಲೆ ಕೆಳಗೆ ಕತ್ತರಿಸಿದ ಆವೃತ್ತಿ ಯಾವ ಸರಣಿಯದೇ ಆಗಲಿ, ಅಗ್ಗವಾಗಿ ಸಿಕ್ಕರೂ ಕೊಳ್ಳಬಾರದು.

ಸಬ್‌ಟೈಟಲ್ ನಮ್ಮ ಮನೆಗಳಿಗೆ ಬಹಳ ಮುಖ್ಯವಾದ ಅಂಶ. ಬ್ರೆಟ್ ಅವರ ಮಾತು ಒಮ್ಮೆ ಪಿಸುದನಿಗೆ ಇಳಿಯುತ್ತದೆ, ಒಮ್ಮೆ ಒಂದೇ ಉಸಿರಿನಲ್ಲಿ ಓಡುತ್ತದೆ; ಹಳ್ಳಿಯ ಪಾತ್ರಗಳು ಬಂದರಂತೂ ಆ ಇಂಗ್ಲಿಷ್ ನಮ್ಮ ಕಿವಿಗೆ ಸುಲಭವಾಗಿ ಹಿಡಿಯುವುದಿಲ್ಲ. ನನ್ನ ಸೆಟ್ಟಿನಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಇದೆ, ಆದರೆ ಎಲ್ಲ ಆವೃತ್ತಿಗಳಲ್ಲೂ ಇರುತ್ತದೆಂದು ನಂಬಿಕೊಳ್ಳದೆ ಹಿಂಬದಿಯ ವಿವರ ಓದಿಯೇ ಕೊಳ್ಳಬೇಕು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಬಾಡಿಗೆ ತಂದು ಓದಿ ಬೆಳೆದ, ನಿವೃತ್ತ ಶಿಕ್ಷಕಿಯಾದ ನಮ್ಮ ಸೋದರತ್ತೆ ಈ ಸರಣಿಯ ದೊಡ್ಡ ಅಭಿಮಾನಿ. “ಒಂದ್ನಿಮಿಷ ನಿಲ್ಸೋ, ಅವ್ನೇನಂದ ಅಂತ ಓದ್ಕೋತೀನಿ” ಎಂದು ನಡುನಡುವೆ ನಿಲ್ಲಿಸಿ, ಅಪರಾಧಿ ಯಾರೆಂದು ಹೋಮ್ಸ್‌ಗಿಂತ ಮೊದಲೇ ಹೇಳಲು ಹೊರಡುತ್ತಾರೆ. ಸಬ್‌ಟೈಟಲ್ ಇಲ್ಲದ ಸೆಟ್ಟಾಗಿದ್ದರೆ ಈ ಸಂತೋಷ ನಮಗೆ ಸಿಗುತ್ತಿರಲಿಲ್ಲ.

ಇನ್ನು ಒಳಗಿರುವ ಸರಕಿಗೆ ಬರೋಣ. ಒಟ್ಟು 41 ಕಂತುಗಳು. ಇವುಗಳಲ್ಲಿ 36 ಒಂದು ಗಂಟೆಯ ಅವಧಿಗೆ ಹೊಂದುವಂಥವು, 5 ಚಲನಚಿತ್ರದಷ್ಟು ಉದ್ದದವು. ಮೊದಲ ಕಂತು ‘ಎ ಸ್ಕ್ಯಾಂಡಲ್ ಇನ್ ಬೊಹೀಮಿಯಾ’ ಪ್ರಸಾರವಾದದ್ದು 1984ರ ಏಪ್ರಿಲ್ 24ರಂದು. ನಿರ್ಮಾಪಕ ಮೈಕಲ್ ಕಾಕ್ಸ್ ಅವರ ಸಂಕಲ್ಪ ಸ್ಪಷ್ಟವಾಗಿತ್ತು: ಆರ್ಥರ್ ಕಾನನ್ ಡಾಯ್ಲ್ ಬರೆದದ್ದನ್ನು ಬರೆದಂತೆ ತೋರಿಸಬೇಕು. ಹೋಮ್ಸ್ ಮತ್ತು ಅವನ ಗೆಳೆಯ, ವೈದ್ಯ ವ್ಯಾಟ್ಸನ್ನರ ನಡೆನುಡಿ, ಉಡುಪು, ಕೋಣೆಯ ಸಾಮಾನು, ಅಭ್ಯಾಸಗಳು ಇವೆಲ್ಲವನ್ನೂ ಮೂಲ ಕಥೆಗಳಿಂದ ಹೆಕ್ಕಿ ‘ಬೇಕರ್ ಸ್ಟ್ರೀಟ್ ಫೈಲ್’ ಎಂಬ ಕಡತವನ್ನೇ ಸಿದ್ಧಪಡಿಸಿ ತಂಡದವರ ಕೈಗೆ ಕೊಟ್ಟಿದ್ದರು. ಮ್ಯಾಂಚೆಸ್ಟರಿನ ಗ್ರಾನಡಾ ಸ್ಟುಡಿಯೊ ಆವರಣದಲ್ಲಿ ಬೇಕರ್ ಸ್ಟ್ರೀಟನ್ನು ಕಟ್ಟಿ ನಿಲ್ಲಿಸಿದರು. ಸ್ಟ್ರ್ಯಾಂಡ್ ಪತ್ರಿಕೆಯಲ್ಲಿ ಮೂಲ ಕಥೆಗಳಿಗೆ ಸಿಡ್ನಿ ಪ್ಯಾಜೆಟ್ ಬರೆದ ಚಿತ್ರಗಳನ್ನು ಮುಂದಿಟ್ಟುಕೊಂಡು ದೃಶ್ಯಗಳನ್ನು ಜೋಡಿಸಿದ್ದು ಆ ಚಿತ್ರಗಳನ್ನು ಕಂಡವರಿಗೆ ಥಟ್ಟನೆ ತಿಳಿಯುತ್ತದೆ. ಪ್ಯಾಟ್ರಿಕ್ ಗವರ್ಸ್ ಅವರ ಪಿಟೀಲಿನ ಶೀರ್ಷಿಕೆ ಸಂಗೀತವನ್ನು ಮಾತ್ರ ಎಷ್ಟೇ ಸಲ ಬಂದರೂ ಓಡಿಸಿ ಮುಂದೆ ಹೋಗಬೇಡಿ.

ಮೊದಲ 13 ಕಂತುಗಳಲ್ಲಿ ವ್ಯಾಟ್ಸನ್ ಆಗಿರುವವರು ಡೇವಿಡ್ ಬರ್ಕ್. ಅವರ ವ್ಯಾಟ್ಸನ್ ಚುರುಕು, ನಗುಮುಖ, ಗೆಳೆಯನ ಬುದ್ಧಿಗೆ ಬೆರಗಾಗುವಾಗಲೂ ತನ್ನ ಮರ್ಯಾದೆ ಬಿಟ್ಟುಕೊಡದವನು. ಹಳೆಯ ಚಲನಚಿತ್ರಗಳಲ್ಲಿ ವ್ಯಾಟ್ಸನ್ನನನ್ನು ಪೆದ್ದನನ್ನಾಗಿ ಮಾಡಿದ್ದ ತಪ್ಪನ್ನು ಈ ಸರಣಿ ಸರಿಪಡಿಸಿತು, ಮತ್ತು ನನ್ನ ಮಟ್ಟಿಗೆ ಇದರ ಬಹುದೊಡ್ಡ ಸಾಧನೆ ಅದೇ. ಈ ಭಾಗದ ಕೊನೆಯಲ್ಲಿ ಬರುವ ‘ದ ಫೈನಲ್ ಪ್ರಾಬ್ಲಮ್’ ಕಂತಿಗಾಗಿ ತಂಡ ಸ್ವಿಟ್ಜರ್ಲೆಂಡಿನ ರೈಶೆನ್‌ಬಾಖ್ ಜಲಪಾತಕ್ಕೇ ಹೋಗಿ, ಸಾಹಸ ಕಲಾವಿದರನ್ನು ತಂತಿಗೆ ಕಟ್ಟಿ ಬಂಡೆಯ ಅಂಚಿನಿಂದ ಕೆಳಗಿಳಿಬಿಟ್ಟು ಹೋಮ್ಸ್ ಮತ್ತು ಅವನ ಬದ್ಧವೈರಿ ಮೊರಿಯಾರ್ಟಿ ಬೀಳುವ ಆ ಪತನವನ್ನು ಚಿತ್ರೀಕರಿಸಿತು. ಎರಿಕ್ ಪೋರ್ಟರ್ ಅವರ ಮೊರಿಯಾರ್ಟಿಯನ್ನು ಹಿಂದಿನ ಕಂತಾದ ‘ದ ರೆಡ್-ಹೆಡೆಡ್ ಲೀಗ್’ನಲ್ಲೇ ತೆರೆಮರೆಯ ಸೂತ್ರಧಾರನಾಗಿ ತಂದು ನಿಲ್ಲಿಸಿದ್ದಾರೆ. ಮೂಲ ಕಥೆಯಲ್ಲಿ ಇದಿಲ್ಲ. ಕಥೆಗೆ ನಿಷ್ಠರಾಗಿರುತ್ತೇವೆಂದು ಹೊರಟವರು ಮಾಡಿಕೊಂಡ ಈ ಸೇರ್ಪಡೆ ನನಗೆ ಒಪ್ಪಿಗೆ, ಏಕೆಂದರೆ ಕ್ರಮವಾಗಿ ನೋಡಿಕೊಂಡು ಬಂದವರಿಗೆ ಮುಂದಿನ ಕಂತಿನಲ್ಲಿ ಆ ಮನುಷ್ಯ ಬೇಕರ್ ಸ್ಟ್ರೀಟಿನ ಕೋಣೆಗೆ ಕಾಲಿಟ್ಟಾಗ ಎದೆ ಝಲ್ಲೆನ್ನುತ್ತದೆ. ಬಿಡಿಯಾಗಿ ಆ ಒಂದೇ ಕಂತನ್ನು ನೋಡಿದವರಿಗೆ ಆ ಭಯ ಹುಟ್ಟುವುದಿಲ್ಲ.

ಮುಂದಿನ ಡಿಸ್ಕಿನಿಂದ ವ್ಯಾಟ್ಸನ್ ಬದಲಾಗುತ್ತಾರೆ. ಬರ್ಕ್ ರಾಯಲ್ ಶೇಕ್ಸ್‌ಪಿಯರ್ ಕಂಪನಿಗೆ ಹೋದ ಮೇಲೆ ಅವರೇ ಸೂಚಿಸಿದ ಎಡ್ವರ್ಡ್ ಹಾರ್ಡ್‌ವಿಕ್ ಆ ಸ್ಥಾನಕ್ಕೆ ಬಂದರು. 1986ರ ‘ದಿ ಎಂಪ್ಟಿ ಹೌಸ್’ ಕಂತಿನಲ್ಲಿ ಗೆಳೆಯ ಸತ್ತನೆಂದೇ ನಂಬಿ ಮಾಗಿದ, ಸ್ವಲ್ಪ ದಣಿದ ವ್ಯಾಟ್ಸನ್ನನನ್ನು ಹಾರ್ಡ್‌ವಿಕ್ ಎಷ್ಟು ಸಹಜವಾಗಿ ತರುತ್ತಾರೆಂದರೆ, ಮುಖ ಬದಲಾದದ್ದು ಎರಡನೆಯ ದೃಶ್ಯಕ್ಕೆಲ್ಲ ಮರೆತುಹೋಗುತ್ತದೆ. ಬ್ರೆಟ್ ಅವರ ಬದುಕಿನಲ್ಲಿಯೂ ಈ ನಡುವೆ ದೊಡ್ಡ ಪೆಟ್ಟು ಬಿದ್ದಿತ್ತು. ಅವರ ಪತ್ನಿ ಜೋನ್ ವಿಲ್ಸನ್ 1985ರ ಜುಲೈನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಅನಂತರ ಬ್ರೆಟ್ ತೀವ್ರ ಮಾನಸಿಕ ಕಾಯಿಲೆಗೆ ಆಸ್ಪತ್ರೆ ಸೇರಬೇಕಾಯಿತು. ಇದು ಗೊತ್ತಿದ್ದು ನೋಡಿದಾಗ 1986ರ ಕಂತುಗಳಲ್ಲಿ ಹೋಮ್ಸ್‌ನ ಮೌನಗಳು ಬೇರೆಯೇ ತೂಕ ಪಡೆಯುತ್ತವೆ.

ಇಡೀ ಸೆಟ್ಟಿನಲ್ಲಿ ಒಂದು ದೃಶ್ಯವನ್ನು ಹೊಸಬರಿಗೆ ತೋರಿಸಬೇಕೆಂದರೆ ನಾನು 1988ರ ‘ದ ಡೆವಿಲ್ಸ್ ಫುಟ್’ ಹಾಕುತ್ತೇನೆ. ವೈದ್ಯರ ಸಲಹೆಯಂತೆ ವಿಶ್ರಾಂತಿಗೆಂದು ಕಾರ್ನ್‌ವಾಲಿನ ಸಮುದ್ರ ತೀರಕ್ಕೆ ಬಂದ ಹೋಮ್ಸ್, ಕೂದಲು ಗಿಡ್ಡವಾಗಿ ಕತ್ತರಿಸಿಕೊಂಡು, ಕೊರಳಿಗೆ ಮಫ್ಲರ್ ಸುತ್ತಿಕೊಂಡು, ಯಾವುದರಲ್ಲೂ ಮನಸ್ಸಿಲ್ಲದೆ ಅಲೆಯುತ್ತಾನೆ. ಒಂದು ಹೊತ್ತಿನಲ್ಲಿ ತನ್ನ ಕೊಕೇನ್ ಸಿರಿಂಜನ್ನು ಸಮುದ್ರದಂಡೆಯ ಮರಳಿನಲ್ಲಿ ಹೂತುಬಿಡುತ್ತಾನೆ. ಕಾನನ್ ಡಾಯ್ಲ್ ಬರೆದ ಕಥೆಯಲ್ಲಿ ಇದಿಲ್ಲ. ಈ ಸರಣಿಯನ್ನು ಮಕ್ಕಳೂ ನೋಡುತ್ತಿದ್ದಾರೆಂದು ತಿಳಿದ ಬ್ರೆಟ್, ಲೇಖಕರ ಮಗಳು ಡೇಮ್ ಜೀನ್ ಅವರ ಒಪ್ಪಿಗೆ ಪಡೆದು ಇದನ್ನು ಸೇರಿಸಿದರು. ಮೂಲಕ್ಕೆ ಅಷ್ಟು ಕಟ್ಟುನಿಟ್ಟಾಗಿದ್ದ ನಟ, ಸ್ಕ್ರಿಪ್ಟು ಕಥೆಯಿಂದ ಸರಿದಾಗಲೆಲ್ಲ ವಾದ ಮಾಡುತ್ತಿದ್ದ ನಟ, ತಾನೇ ಒಂದು ಬದಲಾವಣೆ ಬೇಕೆಂದು ಅನುಮತಿ ಕೇಳಿ ಪಡೆದದ್ದರಲ್ಲಿ ನನಗೆ ಪಾತ್ರದ ಬಗೆಗಿನ ದೊಡ್ಡ ಗೌರವ ಕಾಣುತ್ತದೆ.

ಭಾರತೀಯ ವೀಕ್ಷಕರಿಗೆ ಇರುಸುಮುರುಸಾಗುವ ಜಾಗಗಳೂ ಇವೆ. ಹೋಮ್ಸ್ ಕಥೆಗಳಲ್ಲಿ ಎಷ್ಟೋ ಅಪರಾಧಗಳ ಬೇರು ವಸಾಹತುಗಳಲ್ಲಿದೆ. ‘ದ ಕ್ರೂಕೆಡ್ ಮ್ಯಾನ್’ ಕಥೆ 1857ರ ಸಂಗ್ರಾಮದ ಕಾಲಕ್ಕೆ ಹಿಂದಿರುಗುತ್ತದೆ, ‘ದ ಸೈನ್ ಆಫ್ ಫೋರ್’ನಲ್ಲಿ ಆಗ್ರಾದ ನಿಧಿಯಿದೆ, ಅಂಡಮಾನಿನಿಂದ ಕರೆತಂದ ಟೋಂಗಾ ಎಂಬ ಪಾತ್ರವಿದೆ. 1987ರ ಈ ಚಿತ್ರ ಬಹಳ ಅದ್ದೂರಿಯಾದ ತಯಾರಿ, ಜೋನಾಥನ್ ಸ್ಮಾಲ್ ಆಗಿ ಜಾನ್ ಥಾ ಅವರ ನಟನೆ ಉಜ್ವಲ. ಆದರೆ ಟೋಂಗಾನನ್ನು ಮನುಷ್ಯನಂತಲ್ಲದೆ ಭೀತಿಯ ವಸ್ತುವಿನಂತೆ ತೋರಿಸಿದ ರೀತಿ ನನಗೆ ಈಗಲೂ ನೋವು ತರುತ್ತದೆ. ಮಕ್ಕಳ ಜೊತೆ ನೋಡುವವರು ಅಲ್ಲಿ ನಿಲ್ಲಿಸಿ ಎರಡು ಮಾತು ಹೇಳುವುದು ಒಳ್ಳೆಯದು.

1992 ಮತ್ತು 1993ರಲ್ಲಿ ಬಂದ ಮೂರು ಉದ್ದದ ಚಿತ್ರಗಳು ಸೆಟ್ಟಿನ ದುರ್ಬಲ ಭಾಗ. ‘ದ ಮಾಸ್ಟರ್ ಬ್ಲ್ಯಾಕ್‌ಮೇಲರ್’ ಪರವಾಗಿಲ್ಲ. ‘ದ ಲಾಸ್ಟ್ ವ್ಯಾಂಪೈರ್’ ಮತ್ತು ‘ದಿ ಎಲಿಜಿಬಲ್ ಬ್ಯಾಚುಲರ್’ ಸಣ್ಣ ಕಥೆಗಳನ್ನು ಎಳೆದೆಳೆದು, ಕನಸು ಭ್ರಮೆಗಳನ್ನು ತುಂಬಿ ಕಥೆಯ ತರ್ಕವನ್ನೇ ಸಡಿಲಿಸಿವೆ. 1994ರ ಕೊನೆಯ ಆರು ಕಂತುಗಳ ಹೊತ್ತಿಗೆ ಬ್ರೆಟ್ ಅವರಿಗೆ ಹೃದಯದ ತೊಂದರೆ ಬಲವಾಗಿತ್ತು, ಔಷಧಗಳಿಂದ ಮೈ ಊದಿಕೊಂಡಿತ್ತು, ಉಸಿರು ಸಾಲುತ್ತಿರಲಿಲ್ಲ. ‘ದ ಮಝಾರಿನ್ ಸ್ಟೋನ್’ ಕಂತಿನಲ್ಲಿ ಅವರು ಕಾಣಿಸಿಕೊಳ್ಳುವುದೇ ಅಪರೂಪ. ಹೋಮ್ಸ್‌ನ ಅಣ್ಣ ಮೈಕ್ರಾಫ್ಟ್ ಆಗಿ ಚಾರ್ಲ್ಸ್ ಗ್ರೇ ತನಿಖೆಯ ಹೊಣೆ ಹೊತ್ತಿದ್ದಾರೆ. ಈ ಡಿಸ್ಕುಗಳನ್ನು ಬಿಟ್ಟು ಉಳಿದವನ್ನು ಕೊಂಡರೆ ಸಾಕೆಂದು ಕೆಲವು ಸಂಗ್ರಾಹಕರು ಹೇಳುವುದುಂಟು. ನನಗದು ಸರಿ ಕಾಣುವುದಿಲ್ಲ. ‘ದ ಡೈಯಿಂಗ್ ಡಿಟೆಕ್ಟಿವ್’ನಲ್ಲಿ ಕಾಯಿಲೆಯ ನಾಟಕವಾಡುವ ಹೋಮ್ಸ್‌ನನ್ನು ನಿಜಕ್ಕೂ ಕಾಯಿಲೆಯಲ್ಲಿದ್ದ ನಟ ಆಡಿ ತೋರಿಸುತ್ತಾರೆ, ಮತ್ತು ಆ ದನಿಯ ಏರಿಳಿತ ಒಂದಿಷ್ಟೂ ಸಡಿಲಾಗಿಲ್ಲ. ಮೊದಲ ಡಿಸ್ಕಿನ ಆ ಬಳುಕುವ ಬೆತ್ತದಂಥ ಮನುಷ್ಯನನ್ನು ನೋಡಿಕೊಂಡು ಬಂದವರಿಗೆ ಇಲ್ಲಿ ಉಳಿದಿರುವ ಕಣ್ಣು ಮತ್ತು ಕಂಠದ ಬೆಲೆ ತಿಳಿಯುತ್ತದೆ. 1995ರ ಸೆಪ್ಟೆಂಬರ್ 12ರಂದು, 61ನೆಯ ವಯಸ್ಸಿನಲ್ಲಿ ಬ್ರೆಟ್ ತೀರಿಕೊಂಡರು. ಕಾನನ್ ಡಾಯ್ಲ್ ಬರೆದ 60 ಹೋಮ್ಸ್ ಕಥೆಗಳಲ್ಲಿ ಉಳಿದವು ಅವರ ಮುಖದಲ್ಲಿ ನಮಗೆ ಸಿಗಲಿಲ್ಲ. ಹೋಮ್ಸ್‌ನ ಮೊದಲ ಕಥೆಯಾದ ‘ಎ ಸ್ಟಡಿ ಇನ್ ಸ್ಕಾರ್ಲೆಟ್’ ಇಲ್ಲದಿರುವುದು ನನ್ನ ಪಾಲಿಗೆ ಇಂದಿಗೂ ಕೊರಗು.

ಪೆಟ್ಟಿಗೆಯ ತಯಾರಿಕೆಗೆ ನಾನು ಒಳ್ಳೆಯ ಅಂಕ ಕೊಡಲಾರೆ. ಜಾಗ ಉಳಿಸಲೆಂದು ಎರಡು ಡಿಸ್ಕುಗಳನ್ನು ಒಂದರ ಮೇಲೊಂದು ಅರ್ಧ ಏರಿಸಿ ಕೂರಿಸಿದ್ದಾರೆ. ಕೆಳಗಿನದು ಬೇಕೆಂದರೆ ಮೇಲಿನದನ್ನು ತೆಗೆದು ಎಲ್ಲಾದರೂ ಇಡಬೇಕು, ಇಡುವಾಗ ಗೀರು ಬೀಳುತ್ತದೆ. ನಡುವಿನ ಗುಬಟು ಎಷ್ಟು ಬಿಗಿಯೆಂದರೆ ಅಂಚು ಹಿಡಿದು ಎಳೆದರೆ ಡಿಸ್ಕು ಬಾಗುತ್ತದೆ, ಹೀಗೆ ಬಾಗಿ ಬಾಗಿ ನಡುತೂತಿನ ಸುತ್ತ ಸೀಳು ಬಿಡುವ ಅಪಾಯವಿದೆ. ಹೆಬ್ಬೆರಳಿನಿಂದ ಗುಬಟನ್ನು ಒತ್ತಿಹಿಡಿದು ಡಿಸ್ಕನ್ನು ಮೇಲೆತ್ತಬೇಕು. ಜೊತೆಗೊಂದು ಕಿರುಪುಸ್ತಕವೂ ಇಲ್ಲ. ಯಾವ ಡಿಸ್ಕಿನಲ್ಲಿ ಯಾವ ಕಥೆ ಎಂಬುದನ್ನು ನಾನೇ ಕನ್ನಡದಲ್ಲಿ ಪಟ್ಟಿ ಬರೆದು ಮುಚ್ಚಳದೊಳಗೆ ಇಟ್ಟಿದ್ದೇನೆ.

ನಮ್ಮೂರಿನ ಧೂಳಿನಲ್ಲಿ ಡಿಸ್ಕಿಗಿಂತ ಮೊದಲು ಸೋಲುವುದು ಪ್ಲೇಯರಿನ ಲೆನ್ಸು. ಚಿತ್ರ ತಡವರಿಸಲು ತೊಡಗಿದಾಗ ಡಿಸ್ಕು ಕೆಟ್ಟಿತೆಂದು ಗಾಬರಿಯಾಗದೆ ಮೊದಲು ಲೆನ್ಸ್ ಒರೆಸಿ ನೋಡಬೇಕು. ಇಲ್ಲಿನ ರಿಪೇರಿಯವರೊಬ್ಬರು, “ಸಾರ್, ಇದರ ಪಾರ್ಟ್ಸ್ ಇನ್ನು ಬರಲ್ಲ, ಹಳೇದು ಇನ್ನೊಂದು ಸಿಕ್ಕರೆ ತಗೊಂಡು ಇಟ್ಕೊಳಿ” ಎಂದರು. ಅವರ ಮಾತಿನಂತೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿ ಇನ್ನೊಂದು ಪ್ಲೇಯರ್ ತಂದಿಟ್ಟುಕೊಂಡಿದ್ದೇನೆ. ಡಿಸ್ಕನ್ನು ಒರೆಸುವಾಗ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕೇ ಹೊರತು ವೃತ್ತಾಕಾರದಲ್ಲಿ ತಿಕ್ಕಬಾರದು.

ಎರಡನೆಯ ಸೆಟ್ಟಿಗೆ ಹಣ ಕೂಡಿದವರಿಗೆ ಡೇವಿಡ್ ಸುಶೆ ಅವರು ಅಗಾಥಾ ಕ್ರಿಸ್ಟಿಯ ಪತ್ತೇದಾರ ಪೊಯ್ರೊ ಆಗಿ ನಟಿಸಿದ ಸರಣಿ ಇದೆ: 1989ರಿಂದ 2013ರವರೆಗೆ 70 ಕಂತುಗಳು, ಅದೂ ಕ್ರಮವಾಗಿ ನೋಡಬೇಕಾದದ್ದೇ. ಚಿಕ್ಕದು ಸಾಕೆಂದರೆ ಬಿಬಿಸಿಗಾಗಿ ಜೋನ್ ಹಿಕ್ಸನ್ ಅದೇ ಕ್ರಿಸ್ಟಿಯ ಮಿಸ್ ಮಾರ್ಪಲ್ ಆಗಿ ನಟಿಸಿದ 12 ಕಥೆಗಳು ಸಾಕು. ಬೇಸಿಲ್ ರಾಥ್‌ಬೋನ್ ಅವರ 14 ಹೋಮ್ಸ್ ಚಿತ್ರಗಳಲ್ಲಿ ಕೆಲವಕ್ಕೆ ಹಕ್ಕುಸ್ವಾಮ್ಯ ತಪ್ಪಿದ್ದರಿಂದ ಮಸುಕು ಪ್ರತಿಗಳ ಅಗ್ಗದ ಡಿಸ್ಕುಗಳು ಬಹಳ ಇವೆ. ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದ ಫಿಲಂ ಭಂಡಾರ ಜೀರ್ಣೋದ್ಧಾರ ಮಾಡಿದ ಪ್ರತಿಗಳಿಂದ ತಯಾರಾದ ಸೆಟ್ಟನ್ನೇ ಕೇಳಿ ತೆಗೆದುಕೊಳ್ಳಬೇಕು. ದೂರದರ್ಶನದಲ್ಲಿ 1993ರಲ್ಲಿ ಬಂದ, ಬಾಸು ಚಟರ್ಜಿ ನಿರ್ದೇಶನದ ಬ್ಯೋಮಕೇಶ್ ಬಕ್ಷಿಯನ್ನು ನೆನೆಯುವವರು ನಮ್ಮಲ್ಲಿ ಈಗಲೂ ಇದ್ದಾರೆ. ರಜಿತ್ ಕಪೂರ್ ಮತ್ತು ಕೆ.ಕೆ. ರೈನಾ ಅವರ ಆ ಜೋಡಿಗೆ ಬ್ರೆಟ್–ಹಾರ್ಡ್‌ವಿಕ್ ಜೋಡಿಯ ಪಕ್ಕದಲ್ಲೇ ಜಾಗ ಸಲ್ಲಬೇಕು.

ಬ್ರೆಟ್ ಸೆಟ್ಟನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮಾರುವವರಿಂದ ಪೆಟ್ಟಿಗೆಯ ಫೋಟೊ ಮಾತ್ರ ತರಿಸಿಕೊಂಡರೆ ಸಾಲದು. ಪ್ರತಿ ಡಿಸ್ಕಿನ ಹೊಳೆಯುವ ಬದಿಯ ಫೋಟೊ ಬೇಕು, ಹೆಸರು ಅಚ್ಚಾದ ಬದಿಯದೂ ಬೇಕು. ಒಂದು ಡಿಸ್ಕು ಕಳೆದುಹೋದ ಸೆಟ್ಟುಗಳು ಮಾರಾಟಕ್ಕೆ ಬರುತ್ತಿರುತ್ತವೆ, ಮತ್ತು ಆ ಒಂದನ್ನೇ ಬಿಡಿಯಾಗಿ ಹುಡುಕಿ ತರಿಸುವುದು ಪೂರ್ತಿ ಸೆಟ್ಟು ಕೊಳ್ಳುವುದಕ್ಕಿಂತ ಕಷ್ಟ. ಬಂದ ಕೂಡಲೇ ಎಲ್ಲ ಡಿಸ್ಕುಗಳನ್ನೂ ಪ್ಲೇಯರಿಗೆ ಹಾಕಿ, ಪ್ರತಿ ಕಂತಿನ ಕೊನೆಯ ಹತ್ತು ನಿಮಿಷ ತಡೆಯಿಲ್ಲದೆ ಓಡುತ್ತದೆಯೇ ಎಂದು ನೋಡಿಬಿಡಬೇಕು. ಹಿಂದಿರುಗಿಸುವ ಗಡುವು ಮುಗಿಯುವುದರೊಳಗೆ ಈ ಕೆಲಸವಾಗಬೇಕು.